ನಾಳೆ ಹೋಗೋಣ

"ಕ್ಷಮಿಸಿ" ಎಂದು ತನ್ನ ಭಾಷೆಯಲ್ಲಿ ತುಟಿಯೊಳಗೇ ಹೇಳಿಕೊಂಡು ತೆವಾತಾ ಡಲ್ಸಿಯ ತಲೆಯ ಮೇಲೆ ಬೆಚ್ಚಗಿನ ನೀರು ಹುಯ್ದಳು.

"ಏನೇ ಅದು ಗೊಣಗ್ತಿರೋದು? ನನ್ನ ಬಯ್ತಿದ್ದೀಯಾ?" ಸ್ನಾನದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮುದುಕಿ ಕೇಳಿದಳು.

"ಇಲ್ಲ ಅಜ್ಜಿ. ತಲೆ ಮುಟ್ತೀನಲ್ಲ, ಅದಕ್ಕೆ ಕೇಳ್ಕೊಂಡೆ."

"ತಲೆ ಮುಟ್ಟದೆ ತಲೆ ತೊಳೆಯೋಕಾಗತ್ತಾ? ಒಳ್ಳೆ ಹುಡುಗಿ ಕಣೇ ನೀನು. ಮತ್ತೆ, ನನ್ನ ಅಜ್ಜಿ ಗಿಜ್ಜಿ ಅನ್ಬೇಡ. ನನಗಿನ್ನೂ ಮದುವೇನೇ ಆಗಿಲ್ಲ."

ಅವಳ ಕೋಣೆಯ ಗೋಡೆಯ ಮೇಲೆ ಮದುವೆಯ ಫೋಟೋ ಇತ್ತು. ಎತ್ತರದ ಗಂಡಸೊಬ್ಬನ ತೋಳು ಹಿಡಿದು ನಗುತ್ತಿದ್ದ ಹೆಂಗಸಿಗೆ ಇದೇ ಅಗಲ ಹಣೆ, ಇದೇ ಚೂಪು ಗಲ್ಲ. ತೆವಾತಾ ಶ್ಯಾಂಪೂ ಹಚ್ಚಿ ನೊರೆ ಬರಿಸಿದಳು. ಬೆರಳುಗಳ ಕೆಳಗಿನ ಬುರುಡೆ ಎಷ್ಟು ತೆಳು ಅನ್ನಿಸಿ ಪ್ರತಿಸಲವೂ ಅವಳು ಕೈ ಹಗುರ ಮಾಡಿಕೊಳ್ಳುತ್ತಿದ್ದಳು. ಅವಳ ದ್ವೀಪ ಅಬಯಾಂಗಿನಲ್ಲಿ ಹಿರಿಯರ ತಲೆ ಮುಟ್ಟುವುದಿರಲಿ, ಅವರು ಕೂತಿದ್ದರೆ ಎದುರು ಹಾದುಹೋಗುವಾಗ ಬೆನ್ನು ಬಗ್ಗಿಸಿ ನಡೆಯಬೇಕು. ಇಲ್ಲಿ ಬೆಳಗಾದರೆ ಹಿರಿಯರ ತಲೆ ತೊಳೆದು, ಒರೆಸಿ, ಬಾಚಿ, ಬೈತಲೆ ತೆಗೆಯುವುದೇ ಅವಳ ಕೆಲಸ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕೆಲವರು ಥ್ಯಾಂಕ್ಸ್ ಬೇರೆ ಹೇಳುತ್ತಿದ್ದರು. ಅದೇ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಬಾಗಿಲಲ್ಲಿ ಲಿಯಾನ್ ಇಣುಕಿದಳು. ವೃದ್ಧಾಶ್ರಮದ ಆ ಭಾಗವನ್ನೆಲ್ಲ ನೋಡಿಕೊಳ್ಳುವವಳು ಅವಳೇ. ದಪ್ಪ ದನಿಯ, ಸದಾ ಅವಸರದ ಹೆಂಗಸು.

"ಡಲ್ಸಿದು ಮುಗೀತಾ?"

ತೆವಾತಾ ಹುಬ್ಬು ಮೇಲೆತ್ತಿದಳು.

"ಮುಗೀತಾ ಅಂದೆ."

ತೆವಾತಾ ಹುಬ್ಬನ್ನು ಇನ್ನೂ ಮೇಲಕ್ಕೆತ್ತಿದಳು.

"ಬಾಯಲ್ಲಿ ಹೇಳೇ ಮಾರಾಯ್ತಿ! ನಾನೇನು ನಿನ್ನ ಹಣೆ ಓದ್ಲಾ?"

"ಹೌದು, ಮುಗೀತು" ಎಂದಳು ತೆವಾತಾ. ಹೌದು ಅನ್ನುವುದಕ್ಕೆ ಈ ದೇಶದಲ್ಲಿ ಹುಬ್ಬು ಸಾಲದು ಎಂದು ಅವಳಿಗೆ ಗೊತ್ತಿತ್ತು. ಹುಬ್ಬುಗಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ವೃದ್ಧಾಶ್ರಮವಿದ್ದ ಬಿನ್ಯಾರಾ ಗೋಧಿ ಹೊಲಗಳ ನಡುವಿನ ಊರು. ಯಾವ ದಿಕ್ಕಿಗೆ ಎಷ್ಟು ನಡೆದರೂ ಸಮುದ್ರ ಸಿಗುವುದಿಲ್ಲ. ತೆವಾತಾಳಿಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಚಳಿಯಲ್ಲ, ಇಂಗ್ಲಿಷ್ ಅಲ್ಲ, ಇದು. ಅಬಯಾಂಗಿನಲ್ಲಿ ಒಂದು ಬದಿಗೆ ತೆರೆದ ಸಾಗರ, ಇನ್ನೊಂದು ಬದಿಗೆ ದ್ವೀಪ ಬಳಸಿದ ಒಳಗಡಲು; ಯಾವುದರ ದಾರಿ ಕೇಳಿದರೂ ಹೊರಗಡಲ ಕಡೆ, ಇಲ್ಲ ಒಳಗಡಲ ಕಡೆ ಎಂದರೆ ಮುಗಿಯಿತು. ಚಮಚ ಎಲ್ಲಿ ಎಂದರೂ ಒಳಗಡಲ ಕಡೆಯ ಗೂಟದಲ್ಲಿ ಎನ್ನುತ್ತಾರೆ. ಇಲ್ಲಿ ಬೀದಿಗಳೆಲ್ಲ ಒಂದೇ ಅಗಲ, ಒಂದೇ ನೇರ, ಮನೆಗಳೆಲ್ಲ ಒಂದೇ ಎತ್ತರ. ಬಂದ ಹೊಸತರಲ್ಲಿ ಅಂಗಡಿಗೆ ಹೋದವಳು ಅಕ್ಕಿಯ ಚೀಲ ಹೊತ್ತುಕೊಂಡು ಸಂಜೆಯವರೆಗೂ ಅಲೆದು, ಕೊನೆಗೆ ಯಾರದೋ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಹುಡುಕಿಕೊಂಡು ಬಂದ ಮನೆಯ ಜೊತೆಗಾತಿ ರೊರೇತಿ ಹೊಟ್ಟೆ ಹಿಡಿದು ನಕ್ಕಿದ್ದಳು. "ನಮ್ಮ ಮನೆ ಆಚೆ ಬೀದೀಲೇ ಇದೆಯಲ್ಲೇ! ಆ ಧಾನ್ಯ ತುಂಬಿಡೋ ಗೋಪುರ ನೋಡ್ಕೊ, ಅದನ್ನೇ ಕಡಲು ಅಂದ್ಕೊ." ತೆವಾತಾ ಅಂದುಕೊಂಡು ನೋಡಿದಳು. ಗೋಪುರ ಮಾತ್ರ ಊರಿನ ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುತ್ತಿತ್ತು.

ರೊರೇತಿ ಕೂಡ ಅದೇ ದ್ವೀಪದೇಶ ಕಿರಿಬಾಸಿನವಳೇ, ಆದರೆ ಬೇರೆ ದ್ವೀಪದವಳು. ಬಂದು ಮೂರು ವರ್ಷವಾಗಿತ್ತು. ಇಬ್ಬರೂ ಒಂದೇ ಕಡೆ ಕೆಲಸ, ಒಂದೇ ಬಾಡಿಗೆ ಮನೆ. ಯಾವ ಡಬ್ಬಕ್ಕೆ ಯಾವ ಕಸ, ಹೀಟರು ಯಾವಾಗ ಆರಿಸಬೇಕು, ಚರ್ಚಿನಲ್ಲಿ ಯಾವ ಬೆಂಚು ಯಾರದ್ದು, ಎಲ್ಲವನ್ನೂ ಕಲಿಸಿದವಳು ಅವಳೇ. ಆದರೆ ಅವಳಿಗೂ ಕಲಿಸಲಾಗದ್ದು ಒಂದಿತ್ತು: ಇಲ್ಲಿಯ ಜನ ಆಡಿದ ಮಾತಿನಲ್ಲಿ ಎಷ್ಟನ್ನು ನಂಬಬೇಕು, ಎಷ್ಟನ್ನು ಬಿಡಬೇಕು ಎನ್ನುವುದು. "ಹೇಗಿದ್ದೀಯಾ?" ಎಂದು ಕೇಳುತ್ತಾರೆ, ಉತ್ತರ ಶುರುಮಾಡುವಷ್ಟರಲ್ಲಿ ಕಾರಿಡಾರಿನ ಆಚೆ ತುದಿಯಲ್ಲಿರುತ್ತಾರೆ. "ಆಮೇಲೆ ಸಿಗ್ತೀನಿ" ಎನ್ನುತ್ತಾರೆ, ಸಿಗುವುದಿಲ್ಲ.

ಒಮ್ಮೆ ಲಿಯಾನ್ ಪಾಳಿ ಮುಗಿಸಿ ಕಾರು ಹತ್ತುವಾಗ, "ಯಾವತ್ತಾದ್ರೂ ಮನೆ ಕಡೆ ಬಾರೇ, ಟೀ ಕುಡಿಯೋಣ" ಎಂದಿದ್ದಳು. ಹಿರಿಯಳು ಕರೆದ ಮೇಲೆ ಹೋಗದಿರುವುದು ಹೇಗೆ? ತೆವಾತಾ ಭಾನುವಾರ ಚರ್ಚು ಮುಗಿಸಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಹುರಿದ ಮೀನು ಪಾತ್ರೆಗೆ ತುಂಬಿ, ಮಿಂದು ಹೂವಿನ ಲಂಗ ತೊಟ್ಟು ರೊರೇತಿಯನ್ನು ಹೊರಡಿಸಿದಳು. "ಬೇಡ ಕಣೇ" ಎಂದು ರೊರೇತಿ ದಾರಿಯುದ್ದಕ್ಕೂ ಹೇಳಿದಳು. ಬಾಗಿಲು ತೆರೆದ ಲಿಯಾನ್ ಸ್ನಾನದ ನಿಲುವಂಗಿಯಲ್ಲಿದ್ದಳು, ತಲೆಗೆ ಟವೆಲ್ ಸುತ್ತಿತ್ತು.

"ಏನಾಯ್ತು? ಯಾರು ಹೋದ್ರು?" ಎಂದಳು ಗಾಬರಿಯಿಂದ.

"ಯಾರೂ ಹೋಗಿಲ್ಲ. ಟೀ ಕುಡಿಯೋಕೆ ಬಂದ್ವಿ" ಎಂದು ತೆವಾತಾ ಪಾತ್ರೆ ಮುಂದೆ ಹಿಡಿದಳು.

ಲಿಯಾನ್ ಒಳಗೆ ಕರೆದಳು, ಟೀ ಕೊಟ್ಟಳು, ಮೀನು ಚೆನ್ನಾಗಿದೆ ಎಂದಳು. ಆದರೆ ಕೂತಿದ್ದಷ್ಟು ಹೊತ್ತೂ ನಿಲುವಂಗಿಯ ಕತ್ತನ್ನು ಒಂದು ಕೈಯಲ್ಲಿ ಹಿಡಿದೇ ಇದ್ದಳು. ವಾಪಸು ಬರುವಾಗ ತೆವಾತಾ ಕೇಳಿದಳು, "ಹಾಗಾದ್ರೆ ಬಾ ಅಂದಿದ್ದು ಬರಬೇಡ ಅಂತಲಾ?"

"ಬರಬೇಡ ಅಂತ ಅಲ್ಲ."

"ಬಾ ಅಂತ?"

"ಬಾ ಅಂತಲೂ ಅಲ್ಲ."

"ಮತ್ತೇನೇ?"

"ನನಗೂ ಇನ್ನೂ ಗೊತ್ತಾಗಿಲ್ಲ ತಂಗಿ. ಸುಮ್ನೆ ನಡಿ" ಎಂದಳು ರೊರೇತಿ.

ಡಲ್ಸಿಯ ಮಾತು ಹಾಗಿರಲಿಲ್ಲ. ಡಲ್ಸಿ ಕೇಳುತ್ತಿದ್ದುದು ಒಂದೇ, ಮತ್ತು ಅದನ್ನು ಕೇಳುವಾಗ ಅವಳು ತೆವಾತಾಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಊಟ ಮುಗಿದು ಹೊತ್ತು ಇಳಿಯತೊಡಗಿದೊಡನೆ ಎದ್ದು ಕೋಟು ಹಾಕಿಕೊಂಡು, ಕಂದು ಕೈಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದಳು. "ನನ್ನ ಮನೆಗೆ ಕರ್ಕೊಂಡು ಹೋಗೇ. ನಿನ್ನ ದಮ್ಮಯ್ಯ."

ಮೊದಲ ಸಲ ಕೇಳಿದಾಗ ತೆವಾತಾ ಓಡಿಹೋಗಿ ಲಿಯಾನಳಿಗೆ ಹೇಳಿದ್ದಳು. ಊರಿನಲ್ಲಿ ಹಿರಿಯರು ಹೀಗೆ ಬಾಯಿಬಿಟ್ಟು ಬೇಡಿದ ಮೇಲೆ ಇಲ್ಲ ಎನ್ನುವುದಿಲ್ಲ. ದೋಣಿ ಕೇಳಿದರೆ ದೋಣಿ, ಹಂದಿ ಕೇಳಿದರೆ ಹಂದಿ. ಇಲ್ಲ ಎಂದವಳು ಆಮೇಲೆ ಯಾರ ಎದುರೂ ತಲೆಯೆತ್ತಿ ಕೂರುವಂತಿಲ್ಲ.

"ಅಯ್ಯೋ, ಅದು ದಿನಾ ಇದ್ದದ್ದೇ" ಎಂದು ಲಿಯಾನ್ ನಕ್ಕಿದ್ದಳು. "ನಾಳೆ ಹೋಗೋಣ ಚಿನ್ನ ಅನ್ನು. ಒಂದು ಬಿಸ್ಕತ್ತು ಕೊಡು. ನಾಳೆ ಹೊತ್ತಿಗೆ ಅವಳಿಗೆ ನೆನಪಿರಲ್ಲ."

"ನಾಳೆ ಅಂದ ಮೇಲೆ ನಾಳೆ?"

"ನಾಳೇನೂ ನಾಳೆ ಅನ್ನು. ಅದು ಸುಳ್ಳಲ್ಲ ಕಣೇ, ಔಷಧಿ. ನಿಜ ಹೇಳಿದ್ರೆ ಪಾಪ, ಕೂತಲ್ಲೇ ಅಳ್ತಾಳೆ. ಅದು ಬೇಕಾ?"

ಅದು ಬೇಡವಾಗಿತ್ತು. ತೆವಾತಾ ಬೆಂಚಿನ ಬಳಿ ಮಂಡಿಯೂರಿ, "ನಾಳೆ ಹೋಗೋಣ ಚಿನ್ನ" ಎಂದಳು. ಡಲ್ಸಿಯ ಮುಖದ ಬಿಗುವು ಹಗ್ಗ ಸಡಿಲಾದಂತೆ ಸಡಿಲವಾಯಿತು. "ಹೌದಾ? ಖಂಡಿತಾ?" ಎಂದು ಕೈಚೀಲ ತೆಗೆದಿಟ್ಟು ಬಿಸ್ಕತ್ತು ತಿಂದಳು. ತೆವಾತಾ ಆ ದಿನ ಮನೆಗೆ ಬಂದು ಉಣ್ಣಲಾರದೆ ಕೂತಳು. ಮರುದಿನ ಮತ್ತೆ ಹೇಳಿದಳು. ಅದರ ಮರುದಿನವೂ. ಚಳಿ ಏರಿ, ಬೆಳಗಿನ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುವ ಕಾಲ ಬರುವಷ್ಟರಲ್ಲಿ ಆ ಮಾತು ಅವಳ ಬಾಯಲ್ಲಿ ತಾನಾಗಿಯೇ ಬರತೊಡಗಿತ್ತು. ಹುಬ್ಬಿನ ಬದಲು ಬಾಯಲ್ಲಿ ಹೌದು ಅನ್ನುವುದೂ ಒಂದೊಂದು ಸಲ ಬರುತ್ತಿತ್ತು. "ಪರವಾಗಿಲ್ಲ, ಪಳಗಿದೆ" ಎಂದಳು ರೊರೇತಿ.

ಮಗಳು ರೂತಾಳಿಗೆ ಐದು ವರ್ಷ. ಅಬಯಾಂಗಿನ ಅವರ ಹಳ್ಳಿಯಲ್ಲಿ ಶಾಲೆಯ ಬಳಿ ಮಾತ್ರ ಫೋನು ಸಿಗುತ್ತದೆ. ಗಂಡ ಇಯೊತೇಬಾ ಶುಕ್ರವಾರ ಸಂಜೆ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಲ್ಲಿಗೆ ಬರುತ್ತಿದ್ದ. ಮಗಳು ಪ್ರತಿಸಲ ಕೇಳುತ್ತಿದ್ದುದು ಒಂದೇ, "ಅಮ್ಮಾ, ನೀನು ಯಾವಾಗ ಬರ್ತೀಯಾ?" ತೆವಾತಾ ಪ್ರತಿಸಲವೂ ಸರಿಯಾಗಿ ಹೇಳುತ್ತಿದ್ದಳು: ಒಂದು ಕ್ರಿಸ್‌ಮಸ್ ಆಗಬೇಕು, ಅದು ಹೋಗಿ ಇನ್ನೊಂದು ಬರಬೇಕು. ಮಗಳು ಅಳುತ್ತಿದ್ದಳು. ಇಯೊತೇಬಾ ಫೋನು ತೆಗೆದುಕೊಂಡು ಮೀನಿನ ಮಾತು, ಮನೆಯ ಮಾಡಿನ ಮಾತು ಆಡುತ್ತಿದ್ದ. ಹಿಂದೆ ಅಳು ಕೇಳುತ್ತಲೇ ಇರುತ್ತಿತ್ತು.

ಆ ಶುಕ್ರವಾರ ಕೆಲಸಕ್ಕೆ ಇಬ್ಬರು ಬಂದಿರಲಿಲ್ಲ. ಎಲ್ಲರ ಸ್ನಾನ, ಎಲ್ಲರ ಹಾಸಿಗೆ ಅವಳ ಮೇಲೆಯೇ ಬಿದ್ದು, ಮನೆಗೆ ಬಂದವಳು ಬೂಟು ಬಿಚ್ಚಲೂ ಆಗದೆ ಗೋಡೆಗೊರಗಿ ಕೂತಿದ್ದಾಗ ಫೋನು ಬಂತು.

"ಅಮ್ಮಾ, ಯಾವಾಗ ಬರ್ತೀಯಾ?"

"ನಾಳೆ ಚಿನ್ನ" ಎಂದಳು ತೆವಾತಾ.

ಆ ಕಡೆಯಿಂದ ಕೇಳಿದ್ದು ಅಳುವಲ್ಲ, ಕೇಕೆ. ಮಗಳು ಫೋನನ್ನು ಅಪ್ಪನ ಕೈಗೆ ಕೊಟ್ಟು ಓಡಿಹೋಗಿದ್ದಳು. "ಏನಂದೆ ಅವಳಿಗೆ? ಕುಣೀತಾ ಇದಾಳಲ್ಲ" ಎಂದ ಇಯೊತೇಬಾ. ತೆವಾತಾ ಏನೋ ಹೇಳಿದಳು. ಎಷ್ಟೋ ದಿನಗಳ ಮೇಲೆ ಅಳುವಿಲ್ಲದೆ ಫೋನಿಟ್ಟ ನೆಮ್ಮದಿ ಅವಳಿಗಾಗಿತ್ತು. ಏನು ಹೇಳಿದೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ. ಬಂದಿದ್ದರೂ, ಮಕ್ಕಳು ಮರೆತುಬಿಡುತ್ತವೆ ಎಂದುಕೊಳ್ಳುತ್ತಿದ್ದಳೇನೋ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಯೊತೇಬಾ ಮತ್ತೆ ಫೋನು ಮಾಡಿದ. ಶನಿವಾರ ಅವನು ಮಾಡುವುದಿಲ್ಲ. ಯಾರಿಗೋ ಏನೋ ಆಗಿದೆ ಎಂದುಕೊಂಡು ತೆವಾತಾ ತಟ್ಟೆ ಬಿಟ್ಟೆದ್ದಳು.

"ನೀನು ನಾಳೆ ಬರ್ತೀನಿ ಅಂದ್ಯಂತೆ ಹೌದಾ?"

ಅವಳು ಫೋನು ಹಿಡಿದು ಕಾರಿಡಾರಿಗೆ ಬಂದಳು.

"ಈಸ್ಟರಿಗೆ ಹೊಲಿಸಿದ ಫ್ರಾಕ್ ಹಾಕ್ಕೊಂಡು ಬೆಳಿಗ್ಗೆಯಿಂದ ದೋಣಿ ಬರೋ ಜಾಗದಲ್ಲಿ ಕೂತಿದಾಳೆ. ಎತ್ಕೊಂಡು ಬಂದ್ರೆ ಕಚ್ತಾಳೆ. ದೋಣಿ ಬಂತು, ಜನ ಇಳಿದ್ರು, ಹಿಟ್ಟಿನ ಮೂಟೆ ಇಳಿಸಿದ್ರು, ಹೋಯ್ತು. ಇನ್ನೊಂದು ದೋಣಿ ಇದೆ ಅಂತಾಳೆ. ಇನ್ನೊಂದು ಎಲ್ಲಿದೆ ತೆವಾತಾ?" ಅವನಿಗೆ ಸಿಟ್ಟು ಬಂದಿರಲಿಲ್ಲ. ಏನೂ ಅರ್ಥವಾಗದವನ ಹಾಗೆ ಕೇಳುತ್ತಿದ್ದ. "ನೀನು ಹಾಗೆ ಅಂದಿರಲ್ಲ, ಅವಳು ತಪ್ಪು ಕೇಳಿಸ್ಕೊಂಡಿದಾಳೆ ಅಂತ ಅಮ್ಮ ಅಂತಾಳೆ. ನಾನೂ ಹಾಗೇ ಅಂದೆ."

"ಅಂದೆ" ಎಂದಳು ತೆವಾತಾ. "ನಾನೇ ಅಂದೆ."

"ಯಾಕೆ?"

ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಹೊಡೆಯಿತು.

ಕಾರಿಡಾರಿನ ತುದಿಯ ಬೆಂಚಿನಲ್ಲಿ ಡಲ್ಸಿ ಕೋಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಕೂತಿದ್ದಳು. ತೆವಾತಾಳ ಮಣಿಕಟ್ಟು ಹಿಡಿದಳು. "ಮನೆಗೆ ಕರ್ಕೊಂಡು ಹೋಗೇ."

ತೆವಾತಾ ಬಾಯಿ ತೆರೆದಳು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಂದಿನ ಹಾಗೆ ತಯಾರಾಗಿ. ಅದು ಹೊರಗೆ ಬರಲಿಲ್ಲ. ಡಲ್ಸಿಯ ಕೋಟಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಕೊರಳಿಗೆ ತನ್ನ ಉಣ್ಣೆಯ ಶಾಲು ಸುತ್ತಿದಳು. ಬೀಗದ ಅಂಕಿಗಳನ್ನು ಒತ್ತಿ ಬಾಗಿಲು ತೆರೆದಳು.

"ಬನ್ನಿ, ಹೋಗೋಣ."

ಡಲ್ಸಿ ಎದ್ದು ನಿಂತು ಅನುಮಾನದಿಂದ ನೋಡಿದಳು. "ಈಗಲೇ?"

"ಈಗಲೇ."

ಹೊರಗೆ ಬಂದ ಮೇಲೆಯೇ ತೆವಾತಾಳಿಗೆ ತಿಳಿದದ್ದು, ಎಲ್ಲಿಗೆ ಎಂದು ತನಗೆ ಗೊತ್ತಿಲ್ಲ ಎಂದು. ಬಿಸಿಲು ಹಳದಿಯಾಗಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಗುಲಾಬಿ ಎದೆಯ ಗಿಳಿಗಳು ಹುಲ್ಲಿನಲ್ಲಿ ಏನೋ ಹೆಕ್ಕುತ್ತಿದ್ದವು. ಧಾನ್ಯದ ಗೋಪುರ ಎದುರಿಗೆ ಕಂಡಿತು, ತಿರುಗಿದರೆ ಅಲ್ಲೂ ಕಂಡಿತೇನೋ ಅನ್ನಿಸಿತು. "ಯಾವ ಕಡೆ ಅಜ್ಜಿ?" ಎಂದು ಕೇಳಿದಳು.

"ಯಾವ ಕಡೆ ಅಂದ್ರೆ? ದಾರಿ ಇರೋ ಕಡೆ" ಎಂದು ಡಲ್ಸಿ ಅವಳ ತೋಳು ಹಿಡಿದು ಹೊರಟಳು. ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯುವ ಮುದುಕಿ ಇಲ್ಲಿ ಸಂತೆಗೆ ಹೊರಟವಳಂತೆ ನಡೆದಳು. ಅಂಚೆ ಕಚೇರಿಯ ಬಳಿ ಎಡಕ್ಕೆ, ಕಬ್ಬಿಣದ ಸಾಮಾನಿನ ಅಂಗಡಿಯ ಹಿಂದಿನಿಂದ, ಒಣಗಿದ ತೋಡು ದಾಟಿ. ನಡುವೆ ಒಂದು ಮನೆ ತೋರಿಸಿ, "ಇಲ್ಲಿ ಒಬ್ಬಳಿದಾಳೆ, ಭಾರಿ ಜಂಬ" ಎಂದಳು. ತೆವಾತಾಳಿಗೆ ಹೆದರಿಕೆಯಾಗುತ್ತಿತ್ತು. ನಗುವೂ ಬರುತ್ತಿತ್ತು. ಯಾವುದು ಹೆಚ್ಚು ಎಂದು ತಿಳಿಯುತ್ತಿರಲಿಲ್ಲ.

ನಿಂಬೆಗಿಡದ ಮನೆಯ ಮುಂದೆ ಡಲ್ಸಿ ನಿಂತಳು. "ಬಂತು."

ಬಾಗಿಲು ತೆರೆದವನು ದಪ್ಪ ಗಡ್ಡದ, ತೋಳುಗಳ ತುಂಬ ಹಚ್ಚೆ ಹೊಯ್ಯಿಸಿಕೊಂಡ ತರುಣ. ಮುಖದ ಮೇಲೆ ನಿದ್ದೆಯಿತ್ತು. ಹಿಂದೆ ನಾಯಿಯೊಂದು ಬಾಲ ಬಡಿಯುತ್ತಿತ್ತು. ತೆವಾತಾ ಬಾಯಿ ತೆರೆಯುವ ಮೊದಲೇ ಅವನು ಬಾಗಿಲನ್ನು ಪೂರ್ತಿ ತೆರೆದ. "ಓ, ಡಲ್ಸಿ! ಬನ್ನಿ ಬನ್ನಿ. ತುಂಬಾ ದಿನ ಆಯ್ತು."

"ಕಾಲು ಒರೆಸ್ಕೊ. ಈಗ ತಾನೇ ನೆಲ ಒರೆಸಿದ್ದೀನಿ" ಎಂದಳು ಡಲ್ಸಿ.

ಅವನು ಬರಿಗಾಲಲ್ಲಿದ್ದ. ಮನೆಯೊಳಗೇ ನಿಂತಿದ್ದ. ಆದರೂ ಹೊರಗೆ ಬಂದು ಚಾಪೆಯ ಮೇಲೆ ಎರಡೂ ಪಾದಗಳನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಹೋದ. "ನಾನು ಬ್ರೆಂಡನ್" ಎಂದು ತೆವಾತಾಳಿಗೆ ಹೇಳಿದ. "ಇದು ಮುಂಚೆ ಇವರ ಮನೆ. ಗಂಡ ಹೋದ ಮೇಲೆ ಮಾರಿದ್ದು. ಹೋದ ವರ್ಷ ಎರಡು ಸಲ ತಪ್ಪಿಸ್ಕೊಂಡು ಬಂದಿದ್ರು."

ಡಲ್ಸಿ ಅಡುಗೆಮನೆಗೆ ನೇರ ಹೋಗಿ ಕಪಾಟು ತೆರೆದಳು. ಒಂದು ತೆರೆದಳು, ಇನ್ನೊಂದು ತೆರೆದಳು. "ಕಪ್ಪುಗಳನ್ನೆಲ್ಲ ಯಾರು ಆಚೆ ಈಚೆ ಮಾಡಿದ್ದು?"

"ನಾನೇ. ತಪ್ಪಾಯ್ತು. ನೀವು ಕೂತ್ಕೊಳ್ಳಿ, ನಾನು ತೆಗೀತೀನಿ."

ಕಿಟಕಿಯ ಬಳಿಯ ಕುರ್ಚಿಯಲ್ಲಿ ಡಲ್ಸಿ ಕೂತಳು. ನಾಯಿ ಬಂದು ಅವಳ ಬೂಟಿನ ಮೇಲೆ ಗಲ್ಲ ಇಟ್ಟಿತು. ಬ್ರೆಂಡನ್ ಟೀ ತಂದಿಟ್ಟು ಫೋನು ಹಿಡಿದು ಹಿತ್ತಲಿಗೆ ಹೋದ. ಬಿಸಿಲು ಮೇಜಿನ ಮೇಲೆ, ಮುದುಕಿಯ ಕೈಗಳ ಮೇಲೆ ಬಿದ್ದಿತ್ತು. ತೆವಾತಾ ಫೋನು ಬಂದಾಗಿನಿಂದ ಮೊದಲ ಸಲ ಉಸಿರು ಬಿಟ್ಟಳು. ಕೇಳಿದ್ದನ್ನು ಕೊಟ್ಟಾಗಿತ್ತು. ಮುಂದಿನದನ್ನು ಅವಳು ಯೋಚಿಸಿರಲಿಲ್ಲ. ಇವಳನ್ನು ಇಲ್ಲೇ ಬಿಟ್ಟುಹೋಗುವುದೋ, ತಾನೂ ಇಲ್ಲೇ ಕೂರುವುದೋ, ಏನೂ ಹೊಳೆದಿರಲಿಲ್ಲ. ಕೊಟ್ಟ ಮಾತು ಎಲ್ಲಿಯವರೆಗೆ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ.

ಡಲ್ಸಿ ಟೀ ಪೂರ್ತಿ ಕುಡಿದು ಬಸಿಯ ಮೇಲೆ ಕಪ್ಪು ಇಟ್ಟು, ಕೈಚೀಲ ಎತ್ತಿಕೊಂಡಳು. "ಟೀ ಚೆನ್ನಾಗಿತ್ತು. ಸರಿ ಮತ್ತೆ, ಮನೆಗೆ ಹೋಗೋಣ್ವಾ?"

ತೆವಾತಾ ಅವಳ ಮುಖ ನೋಡಿದಳು. "ಇದೇ ನಿಮ್ಮನೆ ಅಲ್ವಾ ಅಜ್ಜಿ?"

ಡಲ್ಸಿ ಸುತ್ತ ಕಣ್ಣಾಡಿಸಿದಳು. ಕಿಟಕಿ, ಒಲೆ, ನಿಂಬೆಗಿಡ. ಆಮೇಲೆ ಬ್ರೆಂಡನ್‌ಗೆ ಕೇಳಬಾರದೆಂದು ದನಿ ತಗ್ಗಿಸಿದಳು. "ಇದು ಆ ಹುಡುಗನ ಮನೆ ಕಣೇ. ಒಳ್ಳೆಯವನು, ಪಾಪ. ಆದ್ರೆ ಕತ್ತಲಾದ್ರೆ ನಮ್ಮಮ್ಮ ಬಯ್ತಾಳೆ. ನನ್ನ ಮನೆಗೆ ಕರ್ಕೊಂಡು ಹೋಗು."

ಹಿತ್ತಲ ಬಾಗಿಲಲ್ಲಿ ಬ್ರೆಂಡನ್ ನಿಂತಿದ್ದ. "ಪ್ರತಿಸಲ ಹೀಗೇ" ಎಂದ. "ಮೊದಲ ಸಲ ಬಂದಾಗ ನಾನೂ ನಿನ್ನ ಥರಾನೇ ಕೇಳಿದೆ."

"ಅವರಮ್ಮನ ಮನೆ ಎಲ್ಲಿ?"

"ಯಾರಿಗೆ ಗೊತ್ತು?" ಅವನು ಗಡ್ಡ ಕೆರೆದುಕೊಂಡ. "ಆಶ್ರಮಕ್ಕೆ ಫೋನ್ ಮಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡ. ಹೋದ ಸಲ ಮಾಡದೆ ನಾನು ಬೈಸ್ಕೊಂಡಿದ್ದೆ."

ಲಿಯಾನ್ ವ್ಯಾನು ತಂದಳು. ಮುಖ ಬಿಳಿಚಿತ್ತು. ಡಲ್ಸಿಯನ್ನು ತಬ್ಬಿಕೊಂಡಳು, ಕೈ ಕಾಲು ಮುಟ್ಟಿ ನೋಡಿದಳು, ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಆಮೇಲೆ ತೆವಾತಾಳ ಕಡೆ ತಿರುಗಿದಳು.

"ಯಾಕೆ ಹೀಗೆ ಮಾಡ್ದೆ?"

"ಅವರು ಕೇಳಿದ್ರು."

"ದಿನಾ ಕೇಳ್ತಾಳೆ ಕಣೇ!"

"ಹೌದು" ಎಂದಳು ತೆವಾತಾ. "ದಿನಾ ಕೇಳ್ತಾರೆ."

ಲಿಯಾನ್ ವ್ಯಾನು ಹತ್ತಿ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಹಾಗೇ ಕೂತಳು. ಹಿಂದಿನ ಸೀಟಿನಿಂದ ಡಲ್ಸಿ, "ಹೊರಡೋಣ್ವಾ? ಯಾರಿಗೆ ಕಾಯ್ತಿದ್ದೀವಿ?" ಎಂದಳು.

ಮ್ಯಾನೇಜರ್ ಹೆಂಗಸು ಆ ಸಂಜೆಯೇ ಕರೆಸಿದಳು. ಜೊತೆಗೆ ರೊರೇತಿಯೂ ಬಂದಳು. ಮ್ಯಾನೇಜರ್ ನಗುಮುಖದಿಂದ ಮಾತಾಡಿದಳು. ನಿನ್ನ ಒಳ್ಳೆಯ ಮನಸ್ಸು ನಮಗೆ ಅರ್ಥವಾಗುತ್ತದೆ ಎಂದಳು, ನಿನ್ನಂಥವರು ಸಿಕ್ಕಿದ್ದು ನಮ್ಮ ಅದೃಷ್ಟ ಎಂದಳು, ನೀರು ಕುಡಿ ಎಂದಳು. ಇನ್ನು ಮೇಲೆ ಸ್ವಲ್ಪ ಕಾಲ ಬಟ್ಟೆ ಒಗೆಯುವ ಕೋಣೆಯಲ್ಲಿದ್ದರೆ ಎಲ್ಲರಿಗೂ ಅನುಕೂಲ ಎಂದಳು. "ಅರ್ಥ ಆಯ್ತಾ?" ಎಂದಳು. ಹೊರಗೆ ಬಂದ ಮೇಲೆ ತೆವಾತಾ ಕೇಳಿದಳು, "ಹೊಗಳಿದ್ರಾ?"

"ಬೈದಿದ್ದು ಕಣೇ! ಇನ್ನೊಂದು ಸಲ ಹೀಗಾದ್ರೆ ಊರಿಗೆ ವಿಮಾನ ಹತ್ತಿಸ್ತಾರೆ." ರೊರೇತಿ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ಅರ್ಧ ದಾರಿ ನಡೆದ ಮೇಲೆ, "ಹೋಗಿ, ಮನೆ ನೋಡಿ ಏನಂದ್ಲು ಮುದುಕಿ?" ಎಂದು ಕೇಳಿದಳು.

"ಮನೆಗೆ ಹೋಗೋಣ ಅಂದ್ರು."

ರೊರೇತಿ ಈ ಸಲ ನಗಲಿಲ್ಲ.

ಮನೆಗೆ ಬಂದು ಫೋನು ತೆವಾತಾಳೇ ಮಾಡಿದಳು. ಇಯೊತೇಬಾ ಮಗಳ ಜೊತೆ ಇನ್ನೂ ಶಾಲೆಯ ಬಳಿಯೇ ಇದ್ದ. ಮಗಳು ಊಟ ಮಾಡಿಲ್ಲ ಎಂದ. ಫೋನನ್ನು ಅವಳ ಕಿವಿಗೆ ಹಿಡಿದ.

"ದೋಣಿ ಬಂತು" ಎಂದಳು ರೂತಾ. "ನೀನು ಇಳೀಲಿಲ್ಲ."

"ನಾನು ಅದರಲ್ಲಿ ಇರಲಿಲ್ಲ ಮಗಳೇ. ನಾನು ಸುಳ್ಳು ಹೇಳ್ದೆ."

"ಯಾಕೆ?"

"ನೀನು ಅಳ್ತೀಯಾ ಅಂತ."

ಮಗಳು ಅದನ್ನು ಯೋಚಿಸಿದಳು. "ನಾನು ಅತ್ತೆ" ಎಂದಳು. ಆಮೇಲೆ, "ಯಾವಾಗ ಬರ್ತೀಯಾ?"

"ನಿನ್ನ ಮುಂದಿನ ಹಲ್ಲು ಬೀಳತ್ತೆ. ಅದು ಬಿದ್ದು ಆ ಜಾಗದಲ್ಲಿ ಹೊಸ ಹಲ್ಲು ಬರತ್ತೆ. ಅದು ಗಟ್ಟಿಯಾಗಿ, ನೀನು ಅದರಲ್ಲಿ ತೆಂಗಿನಕಾಯಿ ಕಚ್ಚಿ ತಿನ್ನೋ ಹಾಗಾದಾಗ."

"ಇನ್ನೂ ಅಲ್ಲಾಡ್ತಾನೇ ಇಲ್ಲ."

"ಇಲ್ಲ. ಇನ್ನೂ ಅಲ್ಲಾಡ್ತಿಲ್ಲ."

"ಹಾಗಾದ್ರೆ ಫ್ರಾಕ್ ಬಿಚ್ಚಿಡ್ಲಾ?"

ತೆವಾತಾ ಹುಬ್ಬು ಮೇಲೆತ್ತಿದಳು. ಅದು ಫೋನಿನಲ್ಲಿ ಕಾಣುವುದಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ನೆನಪಾಗಿ, "ಹೂಂ" ಎಂದಳು.

ಬಟ್ಟೆ ಒಗೆಯುವ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಹಾಗಾಗಿ ಯಾವ ಮಾತಿಗೆ ಏನರ್ಥ ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬಿಸಿ ಹೊದಿಕೆಗಳನ್ನು ಮಡಚುವುದು, ಹೆಸರು ನೋಡಿ ಅಂಗಿಗಳನ್ನು ಬೇರೆ ಮಾಡುವುದು. ಲಿಯಾನ್ ಒಂದೊಂದು ಸಲ ಬಂದು ಇಣುಕಿ ಹೋಗುತ್ತಿದ್ದಳು. ಒಂದು ಸಲ ಪೊಟ್ಟಣದಲ್ಲಿ ಕೇಕು ತಂದಿಟ್ಟು, "ಭಾನುವಾರ ಬಾ. ನಿಜವಾಗ್ಲೂ. ಹನ್ನೊಂದು ಗಂಟೆಗೆ" ಎಂದಳು. ತೆವಾತಾ ಅದನ್ನು ರೊರೇತಿಗೆ ಹೇಳಿದಾಗ, ಗಂಟೆ ಹೇಳಿದರೆ ಅದು ನಿಜವೇ ಇರಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಆದರೂ ಪೂರ್ತಿ ಧೈರ್ಯ ಬರಲಿಲ್ಲ.

ಹುಲ್ಲಿನ ಮೇಲೆ ಹಿಮ ಕೂರುವುದು ನಿಂತು, ಕಿಟಕಿ ತೆರೆದಿಡಬಹುದಾದ ಒಂದು ಮಧ್ಯಾಹ್ನ ಡಲ್ಸಿ ಆ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕೋಟು ಹಾಕಿಕೊಂಡಿದ್ದಳು. ಯಾರ ಕಣ್ಣು ತಪ್ಪಿಸಿ ಬಂದಿದ್ದಳೋ. ತೆವಾತಾಳನ್ನು ನೋಡಿ ಅಪರಿಚಿತರಿಗೆ ನಗುವ ಹಾಗೆ ನಕ್ಕಳು.

"ಇಲ್ಲಿಂದ ಬಸ್ಸು ಎಷ್ಟೊತ್ತಿಗಮ್ಮ?"

ತೆವಾತಾ ಯಂತ್ರವೊಂದನ್ನು ನಿಲ್ಲಿಸಿದಳು. "ಗೊತ್ತಿಲ್ಲ" ಎಂದಳು.

"ನಿನಗೂ ಹೇಳಿಲ್ವಾ?"

"ಇಲ್ಲ. ಹೇಳಿಲ್ಲ."

"ಇಲ್ಲಿ ಯಾರೂ ಯಾರಿಗೂ ಏನೂ ಹೇಳಲ್ಲ ನೋಡು" ಎಂದು ಡಲ್ಸಿ ಬೇಸರದಿಂದ ತಲೆಯಾಡಿಸಿ ಒಳಗೆ ಬಂದಳು. ತೆವಾತಾ ಸ್ಟೂಲನ್ನು ಅವಳ ಕಡೆ ದೂಡಿ, ತಾನು ಮಗುಚಿದ ಬುಟ್ಟಿಯ ಮೇಲೆ ಕೂತಳು. ನಡುವೆ ಮೇಜಿನ ಮೇಲೆ ಆಗಷ್ಟೇ ಯಂತ್ರದಿಂದ ತೆಗೆದ ಕಾಲುಚೀಲಗಳ ರಾಶಿ ಇನ್ನೂ ಬೆಚ್ಚಗಿತ್ತು. ಡಲ್ಸಿ ಅದರೊಳಗೆ ಎರಡೂ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಒಂದು ನೀಲಿ ಕಾಲುಚೀಲ ಎತ್ತಿಕೊಂಡು, ಹುಡುಕಿ ಹುಡುಕಿ ಒಂದು ಕಂದು ಬಣ್ಣದ್ದನ್ನು ತೆಗೆದು, ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಅಂಗೈಯಲ್ಲಿ ತೀಡಿ, ಬಾಯಿ ಮಡಚಿ ಅಚ್ಚುಕಟ್ಟಾದ ಉಂಡೆ ಮಾಡಿದಳು.

"ಹಿಡಿ" ಎಂದಳು.

ತೆವಾತಾ ಅದನ್ನು ತೆಗೆದುಕೊಂಡು ಬುಟ್ಟಿಯಲ್ಲಿಟ್ಟಳು. ಡಲ್ಸಿ ಆಗಲೇ ಮುಂದಿನದಕ್ಕೆ ಜೋಡಿ ಹುಡುಕುತ್ತಿದ್ದಳು.